ಬೇಲೂರು, ಚೆನ್ನಕೇಶವ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರಿನ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ಗುಡಿಯ ಅಂಗಳದಲ್ಲೇ ಕೇಳಿದವರಿದ್ದಾರೆ, ಕೆಲವು ಪತ್ರದಲ್ಲಿ ಬಂದವು, ಕೆಲವು ಮದುವೆಮನೆಯ ಪಂಕ್ತಿಯಲ್ಲಿ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಉತ್ತರ ಹೇಳುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಶಾಸನದಲ್ಲಿರುವುದನ್ನು ಶಾಸನದ್ದು ಎಂದೂ ಜನ ಹೇಳುವುದನ್ನು ಜನ ಹೇಳುವುದು ಎಂದೂ ಬೇರೆ ಮಾಡಿ ಹೇಳುವುದು. ಬೇಲೂರಿನಲ್ಲಿ ಇವೆರಡೂ ಬೇಕಾದಷ್ಟಿವೆ, ಕಲಸಿ ಹೋಗಿರುವುದೇ ತೊಂದರೆ.

## ಮೊದಲ ಸಲ ಬರುವವರು ಕೇಳುವವು

ಬೇಲೂರು ಹಳೇಬೀಡು ಅಂತ ಜೋಡಿಸಿಯೇ ಹೇಳ್ತಾರಲ್ಲ, ಎರಡೂ ಒಂದೇ ಊರಾ?

ಅಲ್ಲ. ನಡುವೆ ಸುಮಾರು 16 ಕಿಲೋಮೀಟರ್ ದಾರಿ ಇದೆ. ಎರಡೂ ಹಾಸನ ಜಿಲ್ಲೆಯಲ್ಲಿವೆ, ಹಳೇಬೀಡು ಬೇಲೂರು ತಾಲ್ಲೂಕಿಗೇ ಸೇರಿದೆ. ಹಾಸನದಿಂದ ಬೇಲೂರಿಗೆ 40 ಕಿಲೋಮೀಟರಿನ ಆಸುಪಾಸು, ಚಿಕ್ಕಮಗಳೂರಿನಿಂದ ಇನ್ನೂ ಹತ್ತಿರ. ಬೇಲೂರಿನಲ್ಲಿರುವುದು ವಿಷ್ಣುವಿನ ಗುಡಿ, ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಶಿವನ ಜೋಡಿಗುಡಿ. ಹೊಯ್ಸಳರ ದೊಡ್ಡ ರಾಜಧಾನಿ ದೋರಸಮುದ್ರ ಎಂದರೆ ಈ ಹಳೇಬೀಡೇ. ಬೇಲೂರು ಅದಕ್ಕೂ ಮೊದಲು ಅವರ ನೆಲೆಯಾಗಿತ್ತು, ಆಮೇಲೂ ಅವರು ಈ ಊರನ್ನು ಬಿಡಲಿಲ್ಲ.

ಬೇಲೂರು ಅನ್ನೋ ಹೆಸರು ಎಲ್ಲಿಂದ ಬಂತು?

ಹಳೆಯ ಬರಹಗಳಲ್ಲಿ ವೇಲೂರು, ಬೇಲುಹೂರು, ವೇಲಾಪುರಿ ಎಂಬ ರೂಪಗಳು ಸಿಗುತ್ತವೆ. ಹೊಗಳುವ ಹುರುಪು ಬಂದಾಗ ದಕ್ಷಿಣ ವಾರಣಾಸಿ, ಭೂವೈಕುಂಠ ಎಂದೂ ಕರೆದದ್ದುಂಟು. ಊರಿನ ಪಕ್ಕದಲ್ಲಿ ಹರಿಯುವುದು ಯಗಚಿ. ಅದು ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ.

ಗುಡಿ ನೋಡಲು ಬಂದವರು ಒಂದು ವಿಷಯವನ್ನು ಗಮನಿಸದೇ ಹೊರಟುಹೋಗುತ್ತಾರೆ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದರೆ ಮೊದಲು ನೆನಪಾಗುವ ಹಲ್ಮಿಡಿ ಶಾಸನ ಸಿಕ್ಕಿದ್ದು ಇದೇ ತಾಲ್ಲೂಕಿನ ಹಲ್ಮಿಡಿಯಲ್ಲಿ. ಅದನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎನ್ನುತ್ತಾರೆ. ಅಂದರೆ ಚೆನ್ನಕೇಶವನ ಗುಡಿ ಏಳುವುದಕ್ಕೆ ಆರುನೂರು ವರ್ಷಕ್ಕೂ ಮೊದಲೇ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಕನ್ನಡ ಬರೆಯುವವರಿದ್ದರು.

ದೇವಸ್ಥಾನ ಕಟ್ಟಿಸಿದ್ದು ಯಾರು? ಯಾವ ಇಸವಿ?

ಹೊಯ್ಸಳ ದೊರೆ ವಿಷ್ಣುವರ್ಧನ, 1117. ಗುಡಿಯ ಶಾಸನವೇ ಇದನ್ನು ಹೇಳುವುದರಿಂದ ತಕರಾರಿಗೆ ಜಾಗವಿಲ್ಲ. ಏಕೆ ಕಟ್ಟಿಸಿದ ಎಂಬಲ್ಲಿ ಮಾತ್ರ ವಿದ್ವಾಂಸರು ಒಂದಾಗಿಲ್ಲ. ಹಿಂದಿನ ವರ್ಷವಷ್ಟೇ ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡಿದ್ದ, ಆ ಗೆಲುವಿನ ಗುರುತಾಗಿ ಕಟ್ಟಿಸಿದ ಎನ್ನುವವರಿದ್ದಾರೆ. ಕಲ್ಯಾಣದ ಚಾಳುಕ್ಯರ ಅಡಿಯಾಳಾಗಿದ್ದವನು ತಾನೂ ಸಮಬಲದ ದೊರೆ ಎಂದು ತೋರಿಸಲು ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದ ಎನ್ನುವವರೂ ಇದ್ದಾರೆ. ಎರಡೂ ಏಕಕಾಲಕ್ಕೆ ನಿಜವಾಗಿರಲು ಏನೂ ಅಡ್ಡಿಯಿಲ್ಲ ಎಂಬುದು ನನ್ನ ಎಣಿಕೆ.

ದೇವರು ಚೆನ್ನಕೇಶವನೋ, ಚೆನ್ನಿಗರಾಯನೋ, ವಿಜಯನಾರಾಯಣನೋ? ಒಂದೊಂದು ಕಡೆ ಒಂದೊಂದು ಹೆಸರು ಓದಿದೆ.

ಮೂರೂ ಸರಿ. ಪೀಠದ ಬರಹದಲ್ಲಿ ಇರುವ ಹೆಸರು ವಿಜಯನಾರಾಯಣ. ಚೆನ್ನ ಎಂದರೆ ಚೆಲುವ, ಚೆನ್ನಕೇಶವ ಎಂದರೆ ಚೆಲುವ ಕೇಶವ. ಅದೇ ಮನೆಮಾತಿನಲ್ಲಿ ಚೆನ್ನಿಗರಾಯ ಆಯಿತು. ಸುತ್ತಲಿನ ಊರುಗಳಲ್ಲಿ ಚೆನ್ನಿಗಪ್ಪ, ಚನ್ನಕೇಶವ, ಚನ್ನಮ್ಮ ಎಂಬ ಹೆಸರುಗಳು ಮನೆಮನೆಯಲ್ಲಿ ಇರುವುದಕ್ಕೆ ಈ ದೇವರೇ ಕಾರಣ. ಮೂಲಮೂರ್ತಿ ಸುಮಾರು ಆರು ಅಡಿ ಎತ್ತರ, ಕೆಳಗೆ ಪೀಠ ಬೇರೆ. ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ. ಪ್ರಭಾವಳಿಯಲ್ಲಿ ದಶಾವತಾರ.

ಎಷ್ಟು ಹೊತ್ತು ಬೇಕು ನೋಡೋಕೆ?

ಒಂದು ಗಂಟೆಯಲ್ಲಿ ಮುಗಿಸಿ ಹೋಗುವವರೇ ಹೆಚ್ಚು. ಅರ್ಧ ದಿನ ಇಟ್ಟುಕೊಳ್ಳಿ. ಬೆಳಗಿನ ಓರೆ ಬಿಸಿಲಿನಲ್ಲಿ ಪೂರ್ವದ ಗೋಡೆಯನ್ನೂ ಇಳಿಹೊತ್ತಿನಲ್ಲಿ ಪಶ್ಚಿಮದ ಗೋಡೆಯನ್ನೂ ನೋಡಿದರೆ ಶಿಲ್ಪಗಳು ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅಂಗಳದ ಹಾಸುಗಲ್ಲು ಕಾದಿರುತ್ತದೆ, ಬರಿಗಾಲಲ್ಲಿ ಓಡಬೇಕಾಗುತ್ತದೆ.

## ಗುಡಿ ಸುತ್ತಿದ ಮೇಲೆ ಕೇಳುವವು

ಇಷ್ಟು ದೊಡ್ಡ ಗುಡಿ, ಮೇಲೆ ಶಿಖರವೇ ಇಲ್ಲವಲ್ಲ?

ಇತ್ತು. ಇಟ್ಟಿಗೆ, ಗಾರೆ, ಮರ ಸೇರಿಸಿ ಕಟ್ಟಿದ್ದ ಶಿಖರ ಜೀರ್ಣವಾಗಿ, ಅದರ ಭಾರಕ್ಕೆ ಕೆಳಗಿನ ಗರ್ಭಗುಡಿಗೇ ಅಪಾಯ ಎಂದಾದಾಗ 1879ರಲ್ಲಿ ಬಿಚ್ಚಿ ಇಳಿಸಿದರು. ಮತ್ತೆ ಕಟ್ಟಲಿಲ್ಲ. ಅದು ಹೇಗಿದ್ದಿರಬಹುದು ಎಂಬ ಅಂದಾಜು ಬೇಕಿದ್ದರೆ ಅಂಗಳದಲ್ಲೇ ಇರುವ ಸೌಮ್ಯನಾಯಕಿ ಅಮ್ಮನವರ ಗುಡಿಯ ಶಿಖರ ನೋಡಿ, ಮೂಲದ್ದರ ಸಣ್ಣ ಪ್ರತಿ ಅದು ಎನ್ನುತ್ತಾರೆ. ದೊಡ್ಡ ಗುಡಿಯ ಮೆಟ್ಟಿಲುಗಳ ಎರಡೂ ಕಡೆ ಇರುವ ಪುಟ್ಟ ಗೂಡುಗುಡಿಗಳಿಗೂ ಶಿಖರಗಳಿವೆ.

ಊರಬೀದಿಯಿಂದ ಒಳಗೆ ಬರುವಾಗ ಕಾಣುವ ಎತ್ತರದ ರಾಜಗೋಪುರವನ್ನು ಹೊಯ್ಸಳರದು ಎಂದುಕೊಳ್ಳಬೇಡಿ. ಅದು ವಿಜಯನಗರದ ಕಾಲದ ಕೆಲಸ. ಆ ಕಥೆ ಮುಂದೆ ಬರುತ್ತದೆ.

ಕಲ್ಲಿನಲ್ಲಿ ಇಷ್ಟು ನಾಜೂಕು ಕೆಲಸ ಹೇಗೆ ಸಾಧ್ಯ? ಕಲ್ಲನ್ನು ಕರಗಿಸಿ ಅಚ್ಚಿಗೆ ಹೊಯ್ದಿದ್ದಾರೆ ಅಂತ ಒಬ್ಬರು ಹೇಳಿದರು.

ಕರಗಿಸಿಲ್ಲ, ಅಚ್ಚೂ ಇಲ್ಲ. ಗುಟ್ಟು ಕಲ್ಲಿನಲ್ಲೇ ಇದೆ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿಗೆ ಬಿದ್ದು ವರ್ಷಗಳಾದಂತೆ ಗಟ್ಟಿಯಾಗುತ್ತದೆ. ಚಾಳುಕ್ಯರ ಕಾಲದಲ್ಲೇ ಈ ಕಲ್ಲಿನ ರುಚಿ ಹತ್ತಿದ್ದ ಶಿಲ್ಪಿಗಳು ಬನವಾಸಿ, ಬಳ್ಳಿಗಾವೆ ಕಡೆಯಿಂದ ಇಲ್ಲಿಗೆ ಬಂದರು. ಮರದಲ್ಲೋ ದಂತದಲ್ಲೋ ಮಾಡಬಹುದಾದ ಸೂಕ್ಷ್ಮ ಕೆತ್ತನೆಯನ್ನು ಕಲ್ಲಿನಲ್ಲಿ ಮಾಡಲು ಅವರಿಗೆ ಧೈರ್ಯ ಬಂದದ್ದು ಇದರಿಂದ. ಒಳಗಿನ ಗುಂಡು ಕಂಬಗಳ ನುಣುಪು ನೋಡಿದರೆ ಅವನ್ನು ತಿರುಗಣಿಗೆ ಕೊಟ್ಟು ಕಡೆದದ್ದು ಗೊತ್ತಾಗುತ್ತದೆ. ಮೈಮೇಲಿನ ಸುತ್ತುಗೆರೆಗಳೇ ಸಾಕ್ಷಿ.

ಇದೇ ಕಲ್ಲಿಗೆ ಒಂದು ಶಾಪವೂ ಉಂಟು. ಮುಟ್ಟಿದಷ್ಟೂ ಸವೆಯುತ್ತದೆ. ಕೈಗೆಟುಕುವ ಎತ್ತರದ ಶಿಲ್ಪಗಳ ಮೂಗು, ಬೆರಳು ನೋಡಿದರೆ ಎಷ್ಟು ಕೈಗಳು ಸವರಿವೆ ಎಂದು ತಿಳಿಯುತ್ತದೆ. ದಯವಿಟ್ಟು ನಿಮ್ಮ ಕೈಯನ್ನು ಅದಕ್ಕೆ ಸೇರಿಸಬೇಡಿ.

ಮದನಿಕೆಯರು ಒಟ್ಟು ಎಷ್ಟು? ಅವರೆಲ್ಲ ಶಾಂತಲಾ ದೇವಿಯ ರೂಪವೇ ಅಂತೆ?

ಒಟ್ಟು 42. ಹೊರಗೆ ಸೂರಿನ ಕೆಳಗೆ 38, ಒಳಗೆ ನವರಂಗದ, ಅಂದರೆ ಒಳಮಂಟಪದ, ನಡುವಿನ ನಾಲ್ಕು ಕಂಬಗಳ ಮೇಲೆ 4. ಕಂಬದ ತಲೆಯಿಂದ ಸೂರಿಗೆ ಓರೆಯಾಗಿ ಕೊಟ್ಟ ಆಸರೆಯ ಜಾಗದಲ್ಲಿ ಇವರು ನಿಂತಿದ್ದಾರೆ. ಅದಕ್ಕೇ ಎಲ್ಲರೂ ನಮ್ಮ ಕಡೆಗೆ ಸ್ವಲ್ಪ ಬಾಗಿದಂತೆ ಕಾಣುತ್ತಾರೆ. ಕನ್ನಡಿ ಹಿಡಿದ ದರ್ಪಣಸುಂದರಿ ಎಲ್ಲರಿಗೂ ಗೊತ್ತು. ಅವಳ ಮುಂದೆ ಫೋಟೊಕ್ಕೆ ಸಾಲು ನಿಂತಿರುತ್ತದೆ. ಬೇಟೆಗೆ ಹೊರಟವಳು, ಗಿಳಿಯೊಡನೆ ಮಾತಿಗಿಳಿದವಳು, ಮದ್ದಳೆ ಬಾರಿಸುವವಳು, ಸೀರೆಯ ಸೆರಗೆಳೆಯುವ ಕೋತಿಯನ್ನು ಗದರಿಸುವವಳು ಇವರ ಕಡೆಗೂ ಕತ್ತೆತ್ತಿ. ಒಬ್ಬಳ ತಲೆಯ ಮೇಲಿನ ಬಳ್ಳಿಚಪ್ಪರದಲ್ಲಿ ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚುಹಾಕಿದ ಹಲ್ಲಿಯೂ ಇವೆ. ಕೆಳಗೆ ನಿಂತವರಿಗೆ ಕಾಣುವುದೇ ಕಷ್ಟ ಎಂದು ಗೊತ್ತಿದ್ದೂ ಶಿಲ್ಪಿ ಅದನ್ನು ಕೆತ್ತಿದ್ದಾನೆ.

ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ನಾಟ್ಯ, ಸಂಗೀತಗಳಲ್ಲಿ ನಿಪುಣೆಯಾಗಿದ್ದಳು ಎಂದು ಶಾಸನಗಳು ಹೊಗಳುತ್ತವೆ. ಮದನಿಕೆಯರು ಅವಳನ್ನೇ ನೋಡಿ ಮಾಡಿದವರು ಎಂಬುದು ಮಾತ್ರ ಬಾಯಿಮಾತು. ಮುಖಗಳನ್ನು ಒಂದಾದ ಮೇಲೊಂದು ನೋಡುತ್ತ ಬನ್ನಿ, ಒಬ್ಬಳಂತೆ ಇನ್ನೊಬ್ಬಳಿಲ್ಲ.

ಜಕಣಾಚಾರಿ ಕಟ್ಟಿದ್ದು ತಾನೇ?

ಇಲ್ಲಿ ಬಹಳ ಜನ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳಲೇಬೇಕು. ಕಥೆ ಎಲ್ಲರಿಗೂ ಗೊತ್ತಿರುವುದೇ. ಮನೆ ಬಿಟ್ಟು ಬಂದ ಜಕಣಾಚಾರಿ ಮೂರ್ತಿ ಕೆತ್ತುತ್ತಾನೆ. ಅದರಲ್ಲಿ ದೋಷವಿದೆ ಎಂದು ಎಳೆಯನೊಬ್ಬ ಸವಾಲು ಹಾಕುತ್ತಾನೆ. ಗಂಧ ಬಳಿದರೆ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಒಡೆದರೆ ನೀರು, ಮರಳು, ಕಪ್ಪೆ. ಮಾತಿಗೆ ತಪ್ಪದೆ ಜಕಣಾಚಾರಿ ಬಲಗೈ ಕಡಿದುಕೊಳ್ಳುತ್ತಾನೆ. ಎಳೆಯ ತನ್ನ ಮಗ ಡಂಕಣ ಎಂದು ಆಮೇಲೆ ತಿಳಿಯುತ್ತದೆ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬರುತ್ತದೆ. ಕಪ್ಪೆ ಸಿಕ್ಕಿತೆನ್ನುವ ಆ ಮೂರ್ತಿಯ, ‘ಕಪ್ಪೆ ಚೆನ್ನಿಗರಾಯ’ನ ಗುಡಿ ಬೇಲೂರಿನಲ್ಲೇ ದೊಡ್ಡ ಗುಡಿಯ ದಕ್ಷಿಣಕ್ಕೆ ಇದೆ. ಅದನ್ನು ಕಟ್ಟಿಸಿದವಳು ಶಾಂತಲೆ.

ಆದರೆ ಬೇಲೂರಿನ ಯಾವ ಶಾಸನದಲ್ಲೂ ಜಕಣಾಚಾರಿಯ ಹೆಸರಿಲ್ಲ. ಕೈದಾಳದ ಗುಡಿಯೂ 1150ರಲ್ಲಿ ಗುಳೆ ಬಾಚಿದೇವ ಎಂಬ ಸಾಮಂತ ಕಟ್ಟಿಸಿದ್ದು. ಬೇಲೂರಿನ ಶಿಲ್ಪಿಗಳು ಹೆಸರಿಲ್ಲದವರೇನೂ ಅಲ್ಲ, ಕಲ್ಲಿನ ಮೇಲೆ ತಾವೇ ಸಹಿ ಹಾಕಿ ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಹೆಸರಾದವರು. ಮದನಿಕೆಯರಲ್ಲಿ ಹಲವರು ಈ ಅಪ್ಪ ಮಗನ ಕೈಯಿಂದ ಬಂದವರು. ಪೀಠದಲ್ಲಿ ತಮ್ಮ ಹೆಸರು, ಊರು, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದು ಎಲ್ಲವನ್ನೂ ಕೊರೆದಿದ್ದಾರೆ. ಇಂಡಿಯಾದ ಹಳೆಯ ಗುಡಿಗಳಲ್ಲಿ ಕೆಲಸಗಾರ ಹೀಗೆ ಎದ್ದುನಿಂತು ‘ಇದು ನನ್ನದು’ ಎನ್ನುವುದು ಅಪರೂಪ. ಜಕಣಾಚಾರಿಯ ಕಥೆ ಹೇಳುವವರು ಹೇಳಲಿ, ನನಗೂ ಇಷ್ಟ. ಅಪ್ಪ ಮಗ ಇಬ್ಬರೂ ಶಿಲ್ಪಿಗಳು ಎಂಬುದಕ್ಕೆ ಕಲ್ಲಿನಲ್ಲೇ ಒಂದು ಜೋಡಿ ಇರುವಾಗ ಅವರ ಹೆಸರನ್ನು ಒಮ್ಮೆಯಾದರೂ ಹೇಳದಿರುವುದು ಅನ್ಯಾಯ.

ನರಸಿಂಹ ಕಂಬ ಮೊದಲು ತಿರುಗುತ್ತಿತ್ತಂತೆ?

ಹಾಗೆನ್ನುತ್ತಾರೆ. ಕಂಬದ ಮೈತುಂಬ ಪುಟ್ಟ ಪುಟ್ಟ ವಿಗ್ರಹಗಳಿವೆ, ಒಂದು ಜಾಗ ಮಾತ್ರ ಖಾಲಿ. ‘ನನ್ನನ್ನು ಮೀರಿಸುವವನಿದ್ದರೆ ಇಲ್ಲಿ ಕೆತ್ತಲಿ’ ಎಂದು ಶಿಲ್ಪಿ ಬಿಟ್ಟನಂತೆ. ತಿರುಗುತ್ತಿತ್ತೋ ಇಲ್ಲವೋ, ಈಗ ತಿರುಗುವುದಿಲ್ಲ. ಅದರ ಹತ್ತಿರವೇ ಮೋಹಿನಿ ಕಂಬ ಇದೆ, ಅದನ್ನು ಬಿಟ್ಟು ಬರಬೇಡಿ.

ಅಂಗಳದ ದೀಪದ ಕಂಬದ ಕೆಳಗೆ ಕಾಗದ ತೂರಿಸಬಹುದು, ಕಂಬ ಗಾಳಿಯಲ್ಲಿ ನಿಂತಿದೆ ಅಂತಾರೆ. ನಿಜವಾ?

ಕಾಗದ ತೂರುವುದು ನಿಜ, ಗಾಳಿಯಲ್ಲಿ ನಿಂತಿರುವುದು ಸುಳ್ಳು. ಸುಮಾರು 42 ಅಡಿಯ ಈ ಕಂಬವನ್ನು ನೆಲದಲ್ಲಿ ಹೂತಿಲ್ಲ. ಕಟ್ಟೆಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಬುಡದ ಒಂದು ಮೂಲೆ ಕಟ್ಟೆಗೆ ಪೂರ್ತಿ ಕೂತಿಲ್ಲ, ಅಲ್ಲಿ ಸಂದು ಕಾಣುತ್ತದೆ. ಉಳಿದ ಕಡೆ ಗಟ್ಟಿಯಾಗಿ ಊರಿದೆ. ಇದೂ ವಿಜಯನಗರದ ಕಾಲದ್ದು. ಪವಾಡ ಬೇಕಾಗಿಲ್ಲ, ಗುರುತ್ವಕೇಂದ್ರವನ್ನು ಅರಿತವರ ಕೆಲಸ ಎಂದರೆ ಸಾಲದೇ?

ದೇವರಿಗೆ ಚಪ್ಪಲಿ ಯಾಕೆ?

ಚೆನ್ನಕೇಶವ ಬಾಬಾಬುಡನ್‌ಗಿರಿಯಲ್ಲಿರುವ ತನ್ನ ಮಡದಿಯನ್ನು ನೋಡಲು ರಾತ್ರಿ ನಡೆದುಹೋಗುತ್ತಾನೆ, ಕಾಲ್ನಡಿಗೆಗೆ ಚಪ್ಪಲಿ ಸವೆಯುತ್ತದೆ, ಆಗ ಚಮ್ಮಾರನ ಕನಸಿಗೆ ಬಂದು ಅಳತೆ ಹೇಳುತ್ತಾನೆ ಎಂದು ಪ್ರತೀತಿ. ಹಾಗೆ ಹೊಲಿದು ತಂದ ದೊಡ್ಡ ಪಾದರಕ್ಷೆಗಳು ಗುಡಿಯಲ್ಲಿವೆ. ಬೇರೆ ದಿನ ಒಳಗೆ ಬಿಡದಿದ್ದ ಕಾಲದಲ್ಲೂ ಚಪ್ಪಲಿ ತಂದವರಿಗೆ ಗುಡಿಯ ಒಳಗೆ ಪ್ರವೇಶವಿತ್ತು. ಕಥೆಯನ್ನು ನಂಬಿ, ಬಿಡಿ. ತೊಗಲಿನ ಕೆಲಸದವರಿಗೆ ಈ ದೇವರ ಮೇಲೆ ಒಂದು ಹಕ್ಕಿತ್ತು ಎಂಬ ನೆನಪು ಇದರೊಳಗಿದೆ.

## ಚರಿತ್ರೆ ಕೆದಕುವವರು ಕೇಳುವವು

ಹುಲಿಯ ಜೊತೆ ಸೆಣಸುವ ಸಳನ ಕಥೆ ಎಷ್ಟು ನಿಜ?

ಗುಡಿಯ ಮೆಟ್ಟಿಲ ಬಳಿ ಸಳನ ದೊಡ್ಡ ಶಿಲ್ಪಗಳಿವೆ. ಸೊಸೆವೂರಿನಲ್ಲಿ, ಅಂದರೆ ಮೂಡಿಗೆರೆ ತಾಲ್ಲೂಕಿನ ಈಗಿನ ಅಂಗಡಿಯಲ್ಲಿ, ವಾಸಂತಿಕಾ ದೇವಿಯ ಗುಡಿಯ ಬಳಿ ಜೈನಮುನಿ ‘ಹೊಯ್, ಸಳ’ ಎಂದ, ಸಳ ಹುಲಿಯನ್ನು ಹೊಡೆದ, ವಂಶಕ್ಕೆ ಹೆಸರಾಯಿತು. ಈ ಕಥೆಯನ್ನು ಹೇಳುವ ತೀರ ಹಳೆಯ ಬರಹಗಳಲ್ಲಿ ಬೇಲೂರಿನ ಶಾಸನವೂ ಒಂದು. ಹುಲಿ ಚೋಳರ ಲಾಂಛನ. ತಲಕಾಡಿನ ಗೆಲುವಿನ ಬೆನ್ನಲ್ಲೇ ಹುಲಿ ಕೊಲ್ಲುವ ವೀರ ಹೊಯ್ಸಳರ ಗುರುತಾದದ್ದು ಕಾಕತಾಳೀಯವಲ್ಲ ಎನ್ನುವ ವಿದ್ವಾಂಸರಿದ್ದಾರೆ. ನನಗೂ ಇದೇ ಹೆಚ್ಚು ಹೊಂದುವಂತೆ ತೋರುತ್ತದೆ.

ಬಿಟ್ಟಿದೇವ ಜೈನನಾಗಿದ್ದ, ರಾಮಾನುಜರು ಅವನನ್ನು ಮತಾಂತರ ಮಾಡಿ ವಿಷ್ಣುವರ್ಧನ ಮಾಡಿದರು, ಆಮೇಲೆ ಜೈನರಿಗೆ ಕಿರುಕುಳ ಕೊಟ್ಟ. ಇದಲ್ಲವೇ ಚರಿತ್ರೆ?

ಅವನು ವೈಷ್ಣವದ ಕಡೆ ವಾಲಿದ್ದು ನಿಜ, ಬೇಲೂರಿನ ಗುಡಿಯೇ ಸಾಕ್ಷಿ. ರಾಮಾನುಜರು ಹೊಯ್ಸಳ ನಾಡಿಗೆ ಬಂದು ಮೇಲುಕೋಟೆಯಲ್ಲಿ ನೆಲೆಸಿದ್ದರೆಂಬ ಪರಂಪರೆಯೂ ಗಟ್ಟಿಯಾಗಿದೆ. ಕಿರುಕುಳದ ಮಾತು ಮಾತ್ರ ಕಲ್ಲಿನ ಎದುರು ನಿಲ್ಲುವುದಿಲ್ಲ.

ಅವನ ಮನೆಯನ್ನೇ ನೋಡಿ. ಪಟ್ಟದರಸಿ ಶಾಂತಲೆ ಜೈನಳು, ಕೊನೆಯವರೆಗೂ ಜೈನಳಾಗಿಯೇ ಉಳಿದಳು. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನ. ಬೇಲೂರಿನಲ್ಲಿ ವಿಷ್ಣುವಿಗೆ ಗುಡಿ ಕಟ್ಟಿಸಿದ ಇದೇ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ, ಅಂದರೆ ಸವತಿಯರ ಪಾಲಿಗೆ ಮದ್ದಾನೆ ಎಂಬ ತನ್ನ ಬಿರುದನ್ನೇ ಬಸದಿಗೆ ಇಟ್ಟಳು! 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ದೊರೆಯ ದಂಡನಾಯಕ ಗಂಗರಾಜನೂ ಜೈನ, ತಲಕಾಡಿನ ಗೆಲುವು ತಂದುಕೊಟ್ಟವನು ಅವನೇ. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಪ್ರತಿಷ್ಠೆಯ ಪ್ರಸಾದ ಕೈಸೇರಿದ ಹೊತ್ತಿಗೆ ದೊರೆಗೆ ಯುದ್ಧದ ಗೆಲುವು, ಮಗ ಹುಟ್ಟಿದ್ದು ಎರಡೂ ಸುದ್ದಿ ಕೂಡಿಬಂದವು. ಅವನು ಆ ದೇವರನ್ನು ವಿಜಯಪಾರ್ಶ್ವ ಎಂದು ಕರೆದ, ಮಗುವಿಗೆ ವಿಜಯನರಸಿಂಹ ಎಂದು ಹೆಸರಿಟ್ಟ. ಕಥೆಗಳಲ್ಲಿ ಹೇಳುವಂತೆ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದವನು ಮಾಡುವ ಕೆಲಸವೇ ಇದು?

103 ವರ್ಷ, ಮೂರು ತಲೆಮಾರು ಕಟ್ಟಿದರು ಅಂತ ಗೈಡ್ ಹೇಳಿದರು. 1117ರಲ್ಲಿ ಮುಗಿಯಿತು ಅಂತ ಪುಸ್ತಕದಲ್ಲಿದೆ. ಯಾವುದು ಸರಿ?

ಲೆಕ್ಕ ಹಾಕಿ ನೋಡಿ. 1117ಕ್ಕೆ 103 ಸೇರಿಸಿದರೆ 1220. ಅದು ವಿಷ್ಣುವರ್ಧನನ ಮೊಮ್ಮಗ ಎರಡನೆಯ ವೀರಬಲ್ಲಾಳನ ಆಳ್ವಿಕೆ ಮುಗಿಯುವ ವರ್ಷ. ಸಂಖ್ಯೆ ಹುಟ್ಟಿದ್ದು ಹೀಗೆಯೇ ಇರಬೇಕು. 1117ರಲ್ಲಿ ಮೂರ್ತಿ ಪ್ರತಿಷ್ಠೆಯಾಗಿ ದತ್ತಿ ಬಿಟ್ಟಿದ್ದಾರೆ ಎಂದರೆ ಗರ್ಭಗುಡಿ, ನವರಂಗ ಆಗಲೇ ಎದ್ದಿದ್ದವು. ಆಗ ಮಂಟಪ ಸುತ್ತಲೂ ತೆರೆದೇ ಇತ್ತು. ಕಂಬಗಳ ನಡುವೆ ಈಗ ಕಾಣುವ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿಗಳು, ಆಮೇಲೆ, ಬಲ್ಲಾಳನ ಕಾಲದಲ್ಲಿ ಸೇರಿದವು ಎನ್ನುತ್ತಾರೆ. ಅವು ಇಪ್ಪತ್ತು. ಹತ್ತರಲ್ಲಿ ಪುರಾಣದ ಚಿತ್ರಗಳು, ಹತ್ತರಲ್ಲಿ ಬರೀ ವಿನ್ಯಾಸ. ಒಳಗೆ ಕತ್ತಲಾದದ್ದು ಇವುಗಳಿಂದಲೇ. ಬೆಳಕು ತುಂಬಿದ ಮಂಟಪಕ್ಕೆಂದು ಕೆತ್ತಿದ ಕಂಬಗಳನ್ನು ನಾವೀಗ ದೀಪ ಹಾಕಿ ನೋಡುತ್ತೇವೆ.

ಗೋಪುರ ಸುಟ್ಟವರು ಯಾರು?

1397ರ ಶಾಸನದ ಪ್ರಕಾರ ಕಲಬುರಗಿಯ ಕಡೆಯಿಂದ ಬಂದ ಗಂಗ ಸಾಲಾರ. ವಿಜಯನಗರದ ದೊರೆ ಎರಡನೆಯ ಹರಿಹರನ ದಂಡನಾಯಕ ಗುಂಡ ಅದನ್ನು ಮತ್ತೆ ಕಟ್ಟಿಸಿದ. ಇದನ್ನು 1311ರಲ್ಲಿ ದೋರಸಮುದ್ರದ ಮೇಲೆ ಬಂದ ಮಲಿಕ್ ಕಾಫುರನ ದಾಳಿಯೊಂದಿಗೆ ಸೇರಿಸಿ ಹೇಳುವವರು ಹೆಚ್ಚು, ಎರಡೂ ಬೇರೆ.

ಹೊಯ್ಸಳರು ಹೋದ ಮೇಲೆ ಬೇಲೂರು ಹಾಳುಬಿದ್ದಿತ್ತಾ?

ಹಳೇಬೀಡು ಹಾಳುಬಿತ್ತು, ಹೆಸರೇ ಹೇಳುತ್ತದೆ. ಬೇಲೂರು ಬೀಳಲಿಲ್ಲ. ಪೂಜೆ ನಿಲ್ಲದ ಗುಡಿಯ ಸುತ್ತ ಊರೂ ಉಳಿಯಿತು. ವಿಜಯನಗರದವರು ದುರಸ್ತಿ ಮಾಡಿಸಿದರು. ಅವರ ಅಧೀನದಲ್ಲಿ ಬೇಲೂರಿಗೆ ತನ್ನದೇ ನಾಯಕರ ಮನೆತನ ಬಂತು, ಎರ‍್ರ ಕೃಷ್ಣಪ್ಪ ನಾಯಕ ಅವರಲ್ಲಿ ಪ್ರಸಿದ್ಧ. ಆ ವಂಶ ಆಮೇಲೆ ಸಕಲೇಶಪುರದ ಕಡೆ ಐಗೂರಿಗೆ ಸರಿಯಿತು.

ಹೆಚ್ಚಿನವರಿಗೆ ತಿಳಿಯದ ಅಧ್ಯಾಯವೊಂದಿದೆ. 17ನೇ ಶತಮಾನದ ನಡುಭಾಗ. ವಿಜಯನಗರದ ಕೊನೆಯ ದೊರೆ ಮೂರನೆಯ ಶ್ರೀರಂಗರಾಯ ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದಾಗ ಕೆಳದಿಯ ಶಿವಪ್ಪ ನಾಯಕ ಅವನನ್ನು ಕರೆದು ಬೇಲೂರು, ಸಕಲೇಶಪುರಗಳ ಸೀಮೆಯನ್ನು ಬಿಟ್ಟುಕೊಟ್ಟ. ಹಂಪಿಯ ಸಿಂಹಾಸನದ ಹಕ್ಕುದಾರ ಕೆಲಕಾಲ ಬೇಲೂರಿನಿಂದ ‘ಆಳಿದ’. ಹೊಯ್ಸಳರ ಏಳಿಗೆ ಕಂಡ ಊರು ಮತ್ತೊಂದು ಸಾಮ್ರಾಜ್ಯದ ಸಂಜೆಯನ್ನೂ ಕಂಡಿತು.

ತೇರಿನ ದಿನ ಕುರಾನ್ ಓದುತ್ತಾರಂತೆ, ಹೌದಾ?

ಚೈತ್ರದ ರಥೋತ್ಸವದಲ್ಲಿ ತೇರು ಹೊರಡುವ ಮೊದಲು ಮೌಲ್ವಿಯೊಬ್ಬರು ಕುರಾನಿನ ಸಾಲು ಪಠಿಸುವ ಪದ್ಧತಿ ಬಹುಕಾಲದಿಂದ ಇತ್ತು. 2022ರಲ್ಲಿ ಇದಕ್ಕೆ ಆಕ್ಷೇಪ ಎದ್ದಿತು. ಆ ವರ್ಷ ಮುಜರಾಯಿ ಇಲಾಖೆ ಪದ್ಧತಿಯಂತೆ ನಡೆಯಲು ಒಪ್ಪಿತು, ಮಾತು ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ತೇರಿನ ದಿನ ಬಂದರೆ ಜಾತ್ರೆಯ ನೂಕುನುಗ್ಗಲಿಗೆ ಸಿದ್ಧರಾಗಿ ಬನ್ನಿ, ಶಿಲ್ಪ ನೋಡಲು ಬೇರೆ ದಿನ ಇಟ್ಟುಕೊಳ್ಳಿ.

ಯುನೆಸ್ಕೊ ಪಟ್ಟಿಗೆ ಸೇರಿದ್ದರಿಂದ ಏನು ಬದಲಾಯಿತು?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ಗುಡಿಯ ಕಲ್ಲುಗಳ ಹೊಣೆ ಭಾರತೀಯ ಪುರಾತತ್ತ್ವ ಇಲಾಖೆಯದು, ಪೂಜೆಯ ಹೊಣೆ ಮುಜರಾಯಿಯದು. ಅದು ಮೊದಲಿನಂತೆಯೇ ಇದೆ.

ಶಾಸನಗಳನ್ನು ನಾವೇ ಓದಬೇಕು ಅಂದರೆ?

ಬಿ. ಎಲ್. ರೈಸ್ ಹೊರತಂದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕಿಗೆ ಒಂಬತ್ತನೆಯ ಸಂಪುಟವೇ ಮೀಸಲು. ಹಳಗನ್ನಡ ಕಷ್ಟ ಎನಿಸಿದರೆ ಒಂದು ಶ್ಲೋಕದಿಂದ ಶುರುಮಾಡಿ. ‘ಯಂ ಶೈವಾಃ ಸಮುಪಾಸತೇ ಶಿವ ಇತಿ’ ಎಂದು ಮೊದಲಾಗುವ ಅದು ನಿಮಗೆ ಬಾಯಿಪಾಠವೇ ಇರಬಹುದು. ಶೈವರು ಶಿವನೆಂದೂ ವೇದಾಂತಿಗಳು ಬ್ರಹ್ಮವೆಂದೂ ಬೌದ್ಧರು ಬುದ್ಧನೆಂದೂ ಜೈನರು ಅರ್ಹಂತನೆಂದೂ ಯಾರನ್ನು ಪೂಜಿಸುತ್ತಾರೋ ಅವನು ಕೇಶವ ಎನ್ನುತ್ತದೆ ಅದು. ಆ ಕೇಶವ ಇವನೇ, ಬೇಲೂರಿನವನು.